ಚೆನ್ನಾಜಮ್ಮನಿಗೆ ಐಸ್ತೇಸಿ ಕೂತದ್ದು

“ನಿನ್ನ ಹತ್ರ ಹೇಳೋದೂ ಒಂದೇ, ಊರಲ್ಲಿ ತಮಟೆ ಹೊಡೆಸೋದೂ ಒಂದೇ ಕಣೆ ವಿಶಾಲು,” ಎಂದರು ಚೆನ್ನಾಜಮ್ಮ, ಬಲಪಕ್ಕೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡು.

ನಾನು ಕೇಳಿದ್ದು ಇಷ್ಟೇ, ಡಾಕ್ಟರು ಏನಂದರು ಅಂತ. ಆಸ್ಪತ್ರೆಯ ಗೇಟು ದಾಟಿ ಬಂದವರು ಯಾರೇ ಆಗಲಿ, ಮೊದಲು ಕೂರುವುದು ಎದುರಿಗಿರುವ ನನ್ನ ಹೋಟೆಲಿನ ಬೆಂಚಿನ ಮೇಲೆ. ಕೂತವರನ್ನು ಮಾತಾಡಿಸದೆ ಕಾಫಿ ಕೊಡುವ ವಿದ್ಯೆ ನನಗೆ ಬರುವುದಿಲ್ಲ. ಅದಕ್ಕೇ ಊರು ನನಗೆ ರೇಡಿಯೋ ಅಂತ ಹೆಸರಿಟ್ಟಿದೆ. ಎದುರಿಗೇ ಕರೆಯುತ್ತಾರೆ, ನಾನೂ ಓಗೊಡುತ್ತೇನೆ.

“ತಮಟೆ ಹೊಡೆದ್ರೂ ಒಳ್ಳೇದಕ್ಕೇ ಹೊಡೀತೀನಿ ಬಿಡಿ,” ಎಂದೆ. “ಏನಂತೆ, ಕಲ್ಲಂತಾ?”

“ಪಿತ್ತಕೋಶದಲ್ಲಿ ಕಲ್ಲಂತೆ. ಕೊಯ್ದು ತೆಗೀಬೇಕಂತೆ.”

“ತೆಗೆಸ್ಕೊಳ್ಳಿ ಮತ್ತೆ. ನಿಮಗೆ ಕೂರೋರಿಗೇನು ಬರವಾ? ನಮ್ಮ ಬೀದಿಯೋರೇ ನಾ ಮುಂದು ತಾ ಮುಂದು ಅಂತ ಬರ್ತಾರೆ.”

ನಾನು ಬಟ್ಟೆ ಸುತ್ತಿ ಚಾಚಿದ ಬಿಸಿ ಲೋಟವನ್ನು ಚೆನ್ನಾಜಮ್ಮ ಬರಿಗೈಯಲ್ಲಿ ತೆಗೆದುಕೊಂಡು, ನೀರು ಕುಡಿದ ಹಾಗೆ ಕಾಫಿ ಕುಡಿದು, “ನಾನು ಯಾರ್ನೂ ಕೂರಿಸಲ್ಲ,” ಎಂದು ಎದ್ದು ಹೋದರು. ಆ ಹೆಂಗಸಿನ ಗಟ್ಟಿತನ ನೋಡಿ ಅಂತ ನಾನು ಬೆಂಚಿನ ಮೇಲಿದ್ದ ಮಿಕ್ಕವರಿಗೆ ಹೇಳಿದೆ.

ನೀವು ನಮ್ಮ ಊರಿನವರಲ್ಲ. ಕೂರುವುದು ಅಂದರೇನು ಅಂತ ಹೇಳಿಬಿಡುತ್ತೇನೆ. ಬೇರೆ ಊರುಗಳಲ್ಲಿ ಸೂಜಿ ಚುಚ್ಚಿದರೆ ರೋಗಿಗೆ ಮೈಮರೆಯುತ್ತದಂತೆ, ಕೊಯ್ದದ್ದು ಹೊಲಿದದ್ದು ಯಾರಿಗೂ ಗೊತ್ತಾಗುವುದಿಲ್ಲವಂತೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ರೋಗಿ ‘ಹೋಗಲಿ’ ಅನ್ನಬೇಕು, ಪಕ್ಕದ ಕೋಣೆಯ ಕುರ್ಚಿಯಲ್ಲಿ ಕೂತವರು ‘ಬರಲಿ’ ಅನ್ನಬೇಕು. ಎರಡೂ ಮಾತು ಬಿದ್ದಮೇಲೆಯೇ ಸೂಜಿ ಹಿಡಿಯುವುದು. ಆಮೇಲೆ ರೋಗಿ ಹಾಯಾಗಿ ಮಲಗಿರುತ್ತಾನೆ, ಕೊಯ್ದದ್ದು ಕುರ್ಚಿಯವರಿಗೆ ಗೊತ್ತಾಗುತ್ತದೆ. ಎಲ್ಲ ಮುಗಿದಮೇಲೆ ಕುರ್ಚಿಯವರು ಎದ್ದು, ಎಳನೀರು ಕುಡಿದು, ನಡೆದುಕೊಂಡೇ ಮನೆಗೆ ಹೋಗುತ್ತಾರೆ. ಮೈಮೇಲೆ ಒಂದು ಗೀರೂ ಇರುವುದಿಲ್ಲ.

ರಕ್ತಸಂಬಂಧಿಗಳು ಕೂತರೆ ಮಾತ್ರ ನೋವು ಬರುವುದಿಲ್ಲ. ಮಗುವಿನ ಗಂಟಲಿನ ಗಡ್ಡೆ ತೆಗೆಯುವಾಗ ತಾಯಿ ಹೊರಗೆ ನಿಂತು ಅಳುತ್ತಿರುತ್ತಾಳೆ, ಪಕ್ಕದ ಮನೆಯವಳು ಒಳಗೆ ಕುರ್ಚಿಯ ತೋಳು ಹಿಡಿದು ಕೂತಿರುತ್ತಾಳೆ. ಗಂಡ ಹೆಂಡತಿಗೆ ಕೂರಬಹುದು, ಆದರೆ ಸೋದರಮಾವನನ್ನೇ ಕಟ್ಟಿಕೊಂಡವರಿಗೆ ಆ ಭಾಗ್ಯವೂ ಇಲ್ಲ. ಹಾಗಾಗಿ ನಮ್ಮೂರಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದು ಎಂದೋ ನಿಂತುಹೋಯಿತು. ಹೆಣ್ಣಿನ ಕಡೆಯವರು ಹುಡುಗನ ಸಂಬಳ ವಿಚಾರಿಸುವ ಮೊದಲು “ಇದುವರೆಗೆ ಯಾರ್ಯಾರಿಗೆ ಕೂತವ್ನೆ?” ಅಂತ ಕೇಳುತ್ತಾರೆ. ನಲ್ಲಿಯ ಹತ್ತಿರ ಜಗಳ ಶುರುವಾದರೂ ಕೊಡ ತುಂಬುವಷ್ಟರಲ್ಲಿ ತಣ್ಣಗಾಗುತ್ತದೆ. ಯಾರ ಹಲ್ಲು ಯಾವತ್ತು ಹುಳ ಹಿಡಿಯುತ್ತದೋ, ಯಾರು ಯಾರಿಗೆ ಬೇಕಾಗುತ್ತಾರೋ.

ಇದಕ್ಕೆ ಐಸ್ತೇಸಿ ಅನ್ನುವ ಹೆಸರು ಬಂದದ್ದು ಡಾಕ್ಟರ್ ಶಾಂತಕುಮಾರಿಯವರಿಂದ. ಅವರು ಹೊರಗಿನಿಂದ ವರ್ಗವಾಗಿ ಬಂದವರು. ಮೊದಲ ದಿನ ಒಬ್ಬನಿಗೆ ಹರ್ನಿಯಾ ಕೊಯ್ಯಲು ಸೂಜಿ ಚುಚ್ಚಿದರೆ ಅವನು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು “ಯಾವಾಗ ಶುರು ಮಾಡ್ತೀರಿ ಡಾಕ್ಟ್ರಮ್ಮ?” ಅಂದನಂತೆ. ಇನ್ನೊಂದು ಸೂಜಿ ಚುಚ್ಚಿದರಂತೆ. ಕೊನೆಗೆ ನರ್ಸಮ್ಮ ಹಣೆ ಚಚ್ಚಿಕೊಂಡು ಹೊರಗೆ ಓಡಿ, ದಾರಿಯಲ್ಲಿ ಹೋಗುತ್ತಿದ್ದ ಹಾಲಿನವನನ್ನು ಹಿಡಿದು ತಂದು ಕೂರಿಸಿದಳು. ಡಾಕ್ಟರಮ್ಮ ಅವತ್ತು ಸಂಜೆ ನನ್ನ ಬೆಂಚಿನ ಮೇಲೆ ಕೂತು ಒಂದರ ಮೇಲೊಂದು ಮೂರು ಲೋಟ ಕಾಫಿ ಕುಡಿದರು. ಆಮೇಲೆ ಒಗ್ಗಿಕೊಂಡರು. ಒಗ್ಗದೆ ಏನು ಮಾಡುತ್ತಾರೆ.

ಅವರೇ ಒಂದು ದಿನ ಉಪ್ಪಿಟ್ಟು ತಿನ್ನುತ್ತಾ ಹೇಳಿದರು. “ಅನಸ್ತೇಸಿಯಾ ಅಂತೀವಲ್ಲ ವಿಶಾಲಮ್ಮ, ಅದು ಗ್ರೀಕರ ಮಾತಿಂದ ಬಂದದ್ದು. ಅವರ ಭಾಷೆಯಲ್ಲಿ ಐಸ್ತೇಸಿಸ್ ಅಂದರೆ ಮೈಗೆ ತಿಳಿಯೋದು. ಅದು ಇಲ್ಲದೇ ಹೋದ ಸ್ಥಿತಿಗೆ ಅನಸ್ತೇಸಿಯಾ ಅನ್ನೋದು.”

“ಇಲ್ಲದೇ ಎಲ್ಲಿ ಹೋಯ್ತದೆ ಡಾಕ್ಟ್ರಮ್ಮ, ಕುರ್ಚಿಗೆ ಬರ್ತದಲ್ಲ,” ಎಂದೆ ನಾನು.

ಅವರು ಚಮಚ ಕೆಳಗಿಟ್ಟು ನಕ್ಕರು. “ಹಾಗಾದರೆ ಮಲಗಿದವರದು ಅನಸ್ತೇಸಿಯಾ, ಕೂತವರದು ಐಸ್ತೇಸಿಸ್.”

ಇಂಥ ಮಾತು ನನ್ನ ಕಿವಿಗೆ ಬಿದ್ದರೆ ಏನಾಗುತ್ತದೆ ಹೇಳಿ. ವಾರ ಕಳೆಯುವುದರೊಳಗೆ ಊರೆಲ್ಲ ಐಸ್ತೇಸಿಯೇ. ‘ನಮ್ಮತ್ತೆಗೆ ಐಸ್ತೇಸಿ ಕೂರ್ತೀಯಾ’, ‘ಅವನು ಐಸ್ತೇಸಿಗೆ ಹೋಗವ್ನೆ, ಅಂಗಡಿ ಮಧ್ಯಾಹ್ನ ತೆಗೀತಾನೆ’. ನೋವು ತಗೊಳ್ಳೋದಕ್ಕೆ ಒಂದು ಗೌರವದ ಹೆಸರು ಸಿಕ್ಕಿತು ಅಂತ ಜನಕ್ಕೆ ಖುಷಿ. ಆದರೆ ಡಾಕ್ಟರಮ್ಮ ಹೇಳಿದ್ದು ಅಷ್ಟೇ ಅಲ್ಲ. “ಐಸ್ತೇಸಿಸ್ ಅಂದರೆ ಬರೀ ನೋವಲ್ಲ. ಬಿಸಿ, ತಂಪು, ನಯ, ಒರಟು, ರುಚಿ, ವಾಸನೆ, ಮೈಗೆ ತಿಳಿಯೋದೆಲ್ಲ ಅದೇ. ಚಂದ ಅಂದರೇನು ಅಂತ ವಿಚಾರ ಮಾಡೋ ಶಾಸ್ತ್ರಕ್ಕೂ ಅದೇ ಬೇರಿಂದ ಹೆಸರು ಬಂದಿದೆ,” ಅಂದಿದ್ದರು. ಈ ಅರ್ಧವನ್ನು ನಾವು ಯಾರೂ ಹಿಡಿದಿಟ್ಟುಕೊಳ್ಳಲಿಲ್ಲ. ಅವತ್ತು ಬೆಂಚಿನ ತುದಿಯಲ್ಲಿ ಕೂತಿದ್ದ ಚೆನ್ನಾಜಮ್ಮ ಮಾತ್ರ ತಲೆಯೆತ್ತಿ, “ಅಂದ್ರೆ ನೋವಲ್ಲದೆ ಮಿಕ್ಕಿದ್ದೂ ಕೂತೋರಿಗೆ ಗೊತ್ತಾಗ್ತದೇನಮ್ಮ?” ಎಂದು ಕೇಳಿದ್ದರು.

“ಗೊತ್ತಾಗಲೇಬೇಕು. ನೋವು ಜೋರಾಗಿ ಕೂಗೋದರಿಂದ ಮಿಕ್ಕಿದ್ದು ಯಾರಿಗೂ ಕೇಳಿಸಲ್ಲ, ಅಷ್ಟೇ.”

ಪೂರ್ತಿ ಕೇಳಿಸುವುದೇ ಇಲ್ಲ ಅಂತಲ್ಲ. ಕೂತವರಿಗೆ ಸಣ್ಣಪುಟ್ಟದ್ದು ತಿಳಿಯುವುದುಂಟು. ಯಾರದೋ ಕಾಲುಂಗುರ ಬಿಗಿ, ಯಾರದೋ ಬೆನ್ನಿನಲ್ಲಿ ಹಳೇ ಉಳುಕು. ಅದಕ್ಕೇ ಹಿರಿಯರು ಒಂದು ಕಟ್ಟು ಮಾಡಿದ್ದಾರೆ, ಕುರ್ಚಿ ಬಿಟ್ಟಮೇಲೆ ಬಾಯಿಲ್ಲ ಅಂತ. ಅಲ್ಲಿ ತಿಳಿದದ್ದನ್ನು ಹೇಳುವ ಹಾಗಿಲ್ಲ, ಬೇರೆಯವರು ಕೇಳುವ ಹಾಗೂ ಇಲ್ಲ. ಕಟ್ಟು ಕಟ್ಟೇ, ಬಾಯಿ ಬಾಯೇ. ಹೈಸ್ಕೂಲಿನ ಹೆಡ್‌ಮಾಸ್ಟರ ಹಲ್ಲು ಕಟ್ಟಿಸಿದ್ದು ಅಂತ ಊರಿಗೆ ಗೊತ್ತಾದದ್ದು ಹೇಗೆ ಮತ್ತೆ. ಅದು ಹೊರಬಿದ್ದದ್ದು ನನ್ನಿಂದಲ್ಲ, ಆದರೆ ಜನ ಮೊದಲು ತಿರುಗಿ ನೋಡಿದ್ದು ನನ್ನನ್ನು. ನನ್ನನ್ನು ಕೂರಲು ಕರೆಯುವವರೂ ಕಡಿಮೆ. ಯಾರೂ ಸಿಗದಿದ್ದಾಗ ಹಲ್ಲಿಗೆ, ಕುರುವಿಗೆ ಕೂತದ್ದುಂಟು. ಹೊಟ್ಟೆಗೆ ಕೂತವಳಲ್ಲ.

ಇನ್ನು ಚೆನ್ನಾಜಮ್ಮ. ನಮ್ಮದು ಮಗ್ಗದ ಊರು. ಯಾರ ಮನೆಯಲ್ಲಿ ಸೀರೆ ನೇಯ್ದರೂ ಅದು ನೇಕಾರರ ಸೊಸೈಟಿಯ ಕಟ್ಟೆಗೆ ಬರಬೇಕು, ಅಲ್ಲಿ ಚೆನ್ನಾಜಮ್ಮನ ಕೈ ಅದರ ಮೇಲೆ ಆಡಬೇಕು. ಅವರು ಕಣ್ಣುಮುಚ್ಚಿ ಸೀರೆಯನ್ನು ತೋಳಿನ ಮೇಲೆ ಎಳೆದುಕೊಳ್ಳುತ್ತಾ, ಮೇಲಿನಿಂದ ಬೆರಳು ಆಡಿಸುತ್ತಾ ಹೋಗುತ್ತಾರೆ. ಎಳೆ ಹಾರಿದ್ದರೆ, ಗಂಟು ಬಿದ್ದಿದ್ದರೆ ಅಲ್ಲೇ ನಿಲ್ಲುತ್ತಾರೆ. ‘ಮಡಚು’ ಅಂದರೆ ಸೀರೆ ಪಾಸು. ‘ಹಿಡ್ಕೋ’ ಅಂದರೆ ವಾಪಸ್ಸು. ಅದರ ಮೇಲೆ ಅಪೀಲಿಲ್ಲ. ದೂರದ ಪೇಟೆಯ ಅಂಗಡಿಗಳವರು ನಮ್ಮೂರ ಸೀರೆಯನ್ನು ಬಿಡಿಸಿಯೂ ನೋಡದೆ ಕೊಳ್ಳುವುದು ಈ ‘ಮಡಚು’ ಅನ್ನುವ ಮಾತಿನ ಮೇಲೆ. ಊರು ಅವರನ್ನು ಹೆಸರಿನಿಂದ ಕರೆಯುವುದೂ ಕಡಿಮೆ, ‘ಕೈ ಏನಂತು?’ ಅಂತಲೇ ಕೇಳುವುದು.

ಅಂಥ ಕೈಗೆ ಕಾಯಿಲೆ ಅಂತ ನಾನು ಹೇಳಬೇಕಾದವರಿಗೆಲ್ಲ ಹೇಳಿದಮೇಲೆ ಕೂರುವವರ ಸಾಲೇ ಶುರುವಾಯಿತು. ಮೊದಲು ಬಂದವಳು ಗುರುಪಾದಪ್ಪನ ಹೆಂಡತಿ ಶಿವಲೀಲಾ. ಬಹಳ ಮೆದು ಹೆಂಗಸು, ಗಂಡ ಮಾತಾಡುವಾಗ ಗೋಡೆಯ ಸುಣ್ಣ ನೋಡುತ್ತಾ ನಿಲ್ಲುವವಳು. ಅವಳು ಬಾಗಿಲಿಗೆ ಹೋಗಿ “ನಾನು ಕೂರ್ತೀನಿ ದೊಡ್ಡಮ್ಮ” ಅಂದದ್ದಕ್ಕೆ ಚೆನ್ನಾಜಮ್ಮ “ನಿನ್ನ ಮನೆ ಕೆಲಸ ನೋಡ್ಕೋ ಹೋಗು” ಎಂದು ಬಾಗಿಲು ಹಾಕಿಕೊಂಡರು. ಆಮೇಲೆ ಬಂದವರಿಗೂ ಅದೇ ಬಾಗಿಲು. ನೋವು ಬಂದಾಗ ಗೋಡೆ ಹಿಡಿದು ನಿಲ್ಲುತ್ತಿದ್ದರು, ಹೋದಮೇಲೆ ಕಟ್ಟೆಗೆ ಬಂದು ‘ಮಡಚು, ಹಿಡ್ಕೋ’ ಶುರು ಮಾಡುತ್ತಿದ್ದರು. ಜಂಬ ಅಂದರು ಕೆಲವರು. ಹೆದರಿಕೆ ಅಂದರು ಕೆಲವರು. ಹೆದರುವುದಕ್ಕೆ ಏನಿದೆ, ನೋವು ಅನುಭವಿಸುವವರು ಬೇರೆಯವರಲ್ಲವೇ ಅಂತ ನನಗೆ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಅವರು ನನ್ನ ಹೋಟೆಲಿನ ಮುಂದೆಯೇ ಕುಸಿದರು. ಇಡ್ಲಿ ತಟ್ಟೆ ಬಿಟ್ಟು ನಾನೂ ನಮ್ಮ ಯಜಮಾನರೂ ಎತ್ತಿಕೊಂಡು ರಸ್ತೆ ದಾಟಿದೆವು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, “ಇನ್ನು ಕಾಯೋ ಹಾಗಿಲ್ಲ. ಒಳಗೆ ಒಡೆದರೆ ನನ್ನ ಕೈಲಿ ಏನೂ ಆಗಲ್ಲ. ಯಾರನ್ನು ಕೂರಿಸ್ತೀರಿ ಹೇಳಿ,” ಎಂದರು.

“ಯಾರೂ ಬ್ಯಾಡ. ಹಂಗೇ ಕೊಯ್ಯಿ.”

“ಹಾಗೇ ಕೊಯ್ದರೆ ನೀವು ಉಳಿಯಲ್ಲ ಚೆನ್ನಾಜಮ್ಮನವರೇ.”

ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಾಗಿಲಲ್ಲಿ ಅಷ್ಟರಲ್ಲಾಗಲೇ ಐದಾರು ಜನ ಸೇರಿದ್ದರು, ಶಿವಲೀಲಾ ಎಲ್ಲರಿಗಿಂತ ಮುಂದೆ. ಚೆನ್ನಾಜಮ್ಮ ಒಬ್ಬೊಬ್ಬರನ್ನೇ ನೋಡಿದರು, ಸೀರೆಯ ಮಡಿಕೆ ಬಿಡಿಸಿ ನೋಡುವ ಹಾಗೆ. ಕೊನೆಗೆ ನನ್ನ ಮೇಲೆ ಕಣ್ಣು ನಿಂತಿತು. “ವಿಶಾಲು ಕೂರಲಿ.”

ನಮ್ಮ ಯಜಮಾನರು ಕೆಮ್ಮಿದರು. ನನಗೂ ನಂಬಿಕೆ ಬರಲಿಲ್ಲ. ಹತ್ತಿರ ಬಗ್ಗಿ, “ಅಮ್ಮಾ, ನಾನು ರೇಡಿಯೋ. ಜ್ವರದಲ್ಲಿ ಯಾರಂತ ತಿಳೀಲಿಲ್ವಾ?” ಎಂದೆ.

“ತಿಳಿದೇ ಹೇಳ್ತಿರೋದು,” ಎಂದರು, ಉಸಿರು ಹಿಡಿದು ಹಿಡಿದು. “ಇವರೆಲ್ಲ ಗುಟ್ಟಾಗಿ ಹೇಳ್ಕೊಂಡು ತಿರುಗ್ತಾರೆ. ನೀನಾದ್ರೆ ಜೋರಾಗಿ ಹೇಳ್ತೀಯ. ನನ್ನ ಕಿವಿಗೂ ಬೀಳ್ತದೆ.”

ಯಾವುದನ್ನು ಹೇಳುವುದು ಅಂತ ನನಗೆ ಆಗ ಗೊತ್ತಿರಲಿಲ್ಲ. ಮುಚ್ಚಿಡುವಂಥದ್ದು ಏನೋ ಇದೆ, ಅದಕ್ಕಾಗಿ ಈ ಹೆಂಗಸು ಸಾಯಲೂ ಸಿದ್ಧವಾಗಿದ್ದಾರೆ, ಅಷ್ಟು ಮಾತ್ರ ಗೊತ್ತಾಯಿತು. ನಾನು ಕುರ್ಚಿಯಲ್ಲಿ ಕೂತೆ. ಯಜಮಾನರು ನನ್ನ ಪಾದ ಹಿಡಿದು ಕೆಳಗೆ ಕೂತರು. ಗೋಡೆಯಾಚೆಯಿಂದ “ಹೋಗಲಿ” ಅಂತ ಕೇಳಿಸಿತು, ಅಪ್ಪಣೆ ಕೊಟ್ಟ ಹಾಗೆ. ನಾನು “ಬರಲಿ” ಅಂದೆ.

ನೋವನ್ನು ವರ್ಣಿಸುವುದಿಲ್ಲ. ವರ್ಣಿಸಿದರೆ ಮುಂದೆ ಯಾರೂ ಕೂರಲು ಬರುವುದಿಲ್ಲ ಅಂತ ಡಾಕ್ಟರಮ್ಮ ಬೈಯುತ್ತಾರೆ. ಪಕ್ಕೆಯ ಕೆಳಗೆ ಯಾರೋ ಬಾಗಿಲು ತೆಗೆದು ಒಳಗೆ ಕೆಂಡದ ಬಾಣಲೆ ಇಟ್ಟ ಹಾಗಾಯಿತು ಅಂತಿಟ್ಟುಕೊಳ್ಳಿ. ಪಳಗಿದವರು ಇದಕ್ಕೊಂದು ಉಪಾಯ ಹೇಳುತ್ತಾರೆ. ನೋವಿನ ಹತ್ತಿರ ನಿಲ್ಲಬೇಡ, ರೋಗಿಯ ಮೈಯಲ್ಲೇ ಬೇರೆಲ್ಲಾದರೂ ತಣ್ಣನೆಯ ಜಾಗ ಹುಡುಕಿಕೊಂಡು ಅಲ್ಲಿ ಹೋಗಿ ಕೂತುಕೋ ಅಂತ. ಕೆಲವರು ಕಿವಿಯ ತುದಿಗೆ ಹೋಗುತ್ತಾರೆ, ಕೆಲವರು ಹಿಮ್ಮಡಿಗೆ. ನನಗೆ ತೋಚಿದ್ದು ಒಂದೇ. ಚೆನ್ನಾಜಮ್ಮನ ಮೈಯಲ್ಲಿ ಬೆರಳಿಗಿಂತ ಒಳ್ಳೆಯ ಜಾಗ ಯಾವುದಿದ್ದೀತು. ನಾನು ಆ ಬೆರಳುಗಳ ಕಡೆಗೆ ಓಡಿದೆ.

ಅಲ್ಲಿ ಏನೂ ಇರಲಿಲ್ಲ. ಮನೆ ಇತ್ತು, ಒಳಗೆ ಯಾರೂ ಇರಲಿಲ್ಲ. ಬಲಗೈ ನೋಡಿದೆ, ಎಡಗೈ ನೋಡಿದೆ. ಬೆರಳ ತುದಿಯಿಂದ ಅಂಗೈವರೆಗೆ ಮರದ ಹಾಗೆ, ಬಿಸಿ ಇಲ್ಲ, ತಂಪಿಲ್ಲ, ಇದೆಯೋ ಇಲ್ಲವೋ ಅಂತಲೂ ಇಲ್ಲ. ಊರಿಗೆ ಊರೇ ಕಾಯುತ್ತಿದ್ದ ಕೈ ಅದು. ಅವತ್ತು ಆ ಬಿಸಿ ಲೋಟ ಬರಿಗೈಯಲ್ಲಿ ಹಿಡಿದದ್ದು ಗಟ್ಟಿತನವಲ್ಲ ಅಂತ ಆಗ ಹೊಳೆಯಿತು.

ಅಲ್ಲಿ ನಿಲ್ಲಲಾರದೆ ಮೇಲಕ್ಕೆ ಬಂದೆ. ಮಣಿಕಟ್ಟು ದಾಟುತ್ತಿದ್ದ ಹಾಗೇ ಮೊದಲು ಮಬ್ಬು, ಆಮೇಲೆ ಒಮ್ಮೆಗೇ ದೀಪ ಹಾಕಿದ ಹಾಗೆ. ಮಣಿಕಟ್ಟಿನಿಂದ ಮೊಣಕೈವರೆಗೆ, ತೋಳಿನ ಒಳಭಾಗದ ಆ ಎಳೆಯ ಚರ್ಮದಲ್ಲಿ ಚೆನ್ನಾಜಮ್ಮ ಇದ್ದರು. ತೋಳಿನ ಕೆಳಗೆ ಆಸ್ಪತ್ರೆಯ ಹಾಸಿಗೆ ಬಟ್ಟೆ ಇತ್ತು. ನಾನು ಆ ಬಟ್ಟೆಯನ್ನು ಎಷ್ಟೋ ಸಲ ನೋಡಿದ್ದೇನೆ, ಒಗೆದು ಒಗೆದು ಬಣ್ಣಗೆಟ್ಟ ಬಿಳಿ ಬಟ್ಟೆ. ಅದು ಹಾಗೆ ಇರಲಿಲ್ಲ. ಹಾಸಿನ ಉದ್ದೆಳೆಗಳು ನೆಟ್ಟಗೆ ಮಲಗಿದ್ದವು, ಹೊಕ್ಕಿನ ಅಡ್ಡೆಳೆ ಒಂದೊಂದಾಗಿ ಅವುಗಳ ಮೇಲೆ ಕೆಳಗೆ ನಡೆದುಹೋಗುತ್ತಿತ್ತು, ಒಂದು ಕಡೆ ಎರಡೆಳೆ ಒಟ್ಟಿಗೆ ಬಂದು ತಾವೇ ನಾಚಿಕೊಂಡ ಹಾಗೆ ಮತ್ತೆ ಬೇರೆಯಾಗುತ್ತಿದ್ದವು. ಅಂಚಿನ ಹತ್ತಿರ ಯಾರೋ ಹೊಲಿದ ತೇಪೆ, ಹೊಲಿದವರಿಗೆ ಅವಸರವಿರಲಿಲ್ಲ ಅಂತಲೂ ಗೊತ್ತಾಗುತ್ತಿತ್ತು. ಹೊಟ್ಟೆಯಲ್ಲಿ ಕೆಂಡ ಉರಿಯುತ್ತಿದ್ದರೆ ನಾನು ಆ ಹಳೇ ಬಟ್ಟೆಯ ಚಂದ ನೋಡುತ್ತಾ ಕೂತಿದ್ದೆ. ಡಾಕ್ಟರಮ್ಮ ಹೇಳಿದ ಮಾತಿನ ಮಿಕ್ಕ ಅರ್ಧ ನನಗೆ ಅವತ್ತು ಸಿಕ್ಕಿತು.

ಮುಗಿದಮೇಲೆ ಯಜಮಾನರು ಎಳನೀರು ಕೊಟ್ಟು, “ಬಾಯೇ ಬಿಡಲಿಲ್ಲವಲ್ಲೇ,” ಎಂದರು. ಕಿರುಚಲಿಲ್ಲ ಅನ್ನುವುದು ಅವರ ಅರ್ಥ. ಕುರ್ಚಿಯಲ್ಲಿ ಕಿರುಚದಿರುವುದು ನಮ್ಮೂರಲ್ಲಿ ದೊಡ್ಡ ಮರ್ಯಾದೆ.

ಚೆನ್ನಾಜಮ್ಮನಿಗೆ ಎಚ್ಚರವಾದಾಗ ವಾರ್ಡಿನಲ್ಲಿ ನಾನೊಬ್ಬಳೇ ಇದ್ದೆ. ಅವರು ಕಣ್ಣು ಬಿಟ್ಟು ಮೊದಲು ಕೇಳಿದ್ದು ಕಲ್ಲಿನ ವಿಷಯವಲ್ಲ.

“ಗೊತ್ತಾಯ್ತಾ?”

“ಗೊತ್ತಾಯ್ತು.”

“ಎಷ್ಟು ಜನಕ್ಕೆ ಹೇಳ್ದೆ?”

“ಇನ್ನೂ ಹೋಟೆಲಿಗೇ ವಾಪಸ್ ಹೋಗಿಲ್ಲ.”

ಅವರು ನಗಲು ಹೋಗಿ, ಹೊಲಿಗೆ ಎಳೆದು, ಮುಖ ಹಿಂಡಿದರು. ಆಮೇಲೆ ತಾವಾಗಿಯೇ ಹೇಳಿದರು. ಸಕ್ಕರೆ ಕಾಯಿಲೆ. ಮೊದಲು ಒಂದು ಬೆರಳ ತುದಿ, ಆಮೇಲೆ ಎಲ್ಲ. ಕಟ್ಟೆಯ ಮೇಲೆ ಕೂತು ಸೀರೆ ಎಳೆದರೆ ಗಾಳಿ ಮುಟ್ಟಿದ ಹಾಗೆ. ಕೆಲಸ ಬಿಟ್ಟುಬಿಡೋಣ ಅಂದುಕೊಂಡಿದ್ದ ಹೊತ್ತಿನಲ್ಲೇ ತೋಳಿನ ಮೇಲೆ ಜಾರಿಬಿದ್ದ ಸೀರೆಯಲ್ಲಿ ಗಂಟು ತಗುಲಿತಂತೆ. ಅವತ್ತಿನಿಂದ ನೋಡುವುದು ತೋಳು. ಬೆರಳು ಆಡುವುದು ಜನಕ್ಕೆ ತೋರಿಸಲು.

“ತೋಳು ಅಷ್ಟು ಚೆನ್ನಾಗಿ ನೋಡ್ತದಲ್ಲಮ್ಮ. ಮುಚ್ಚಿಡೋದಕ್ಕೆ ಏನಿದೆ? ನಾನು ಅಲ್ಲೇ ಕೂತು ಬಂದಿದೀನಿ.”

“ನೀನು ಕೂತು ಬಂದಿದೀಯ. ಊರು ಕೂತು ಬಂದಿಲ್ಲ,” ಎಂದರು. “ಕೈ ಅಂತ ಕರೀತಾರೆ ನನ್ನ. ಕೈ ಸತ್ತಿದೆ ಅಂತ ತಿಳಿದ್ರೆ, ಇಷ್ಟು ವರ್ಷ ಹಿಡ್ಕೋ ಅಂದ ಒಂದೊಂದು ಸೀರೆನೂ ಕಣ್ಣು ಕೆಂಪು ಮಾಡ್ಕೊಂಡು ವಾಪಸ್ ಬರ್ತದೆ. ಪೇಟೆಯೋರು ಬಿಡಿಸಿ ನೋಡೋಕೆ ಶುರು ಮಾಡ್ತಾರೆ. ಆಮೇಲೆ ನಾನು ಯಾರು ಹೇಳು. ಪಡಸಾಲೇಲಿ ಕೂತಿರೋ ಒಬ್ಬ ಮುದುಕಿ.”

“ಗಂಜಿ ಕುಡೀರಿ,” ಎಂದೆ.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆ ಅಂತ ನನಗೇ ಗೊತ್ತು. ನಾಲಿಗೆಯ ಮೇಲೆ ಬಿಸಿ ಬೋಂಡ ಇಟ್ಟುಕೊಂಡು ಬಾಯಿ ಮುಚ್ಚಿಕೊಂಡ ಹಾಗೆ. ಗುರುಪಾದಪ್ಪ ದಿನಾ ಬಂದು ಬೆಂಚಿನ ಮೇಲೆ ಕೂರತೊಡಗಿದ. ಅವನ ಸೀರೆಗಳಿಗೆ ಬಂದಷ್ಟು ‘ಹಿಡ್ಕೋ’ ಬೇರೆ ಯಾರ ಸೀರೆಗೂ ಬಂದಿಲ್ಲ, ಆ ಉರಿ ಅವನಿಗೆ. ಶಿವಲೀಲಾ ಹೊರಗೆ ನೂಲಿನ ಗಂಟು ಹೊತ್ತು ನಿಂತಿರುತ್ತಿದ್ದಳು.

“ಆಯಮ್ಮನ ಕೈ ಹೆಂಗೈತೆ ವಿಶಾಲಕ್ಕ?”

“ಹೊಟ್ಟೆ ಕೊಯ್ದಿದ್ದು ಕಣಪ್ಪ, ಕೈ ಅಲ್ಲ.”

“ಕಾಯಿಲೆಗೆ ಮುಂಚೆ ನನ್ನ ಸೀರೆ ನೋಡುವಾಗ ಚೀಟಿಯ ಗುಂಡುಸೂಜಿ ಆಯಮ್ಮನ ಬೆರಳಿಗೆ ಚುಚ್ಕೊಂಡಿತ್ತು. ರಕ್ತ ಬಂದು ಸೆರಗಿಗೆ ಹತ್ತಿದ್ರೂ ಗೊತ್ತಾಗಲಿಲ್ಲ. ಅದೆಂಥ ಕೈ ಅಂತ.”

“ಇನ್ನೊಂದು ವಡೆ ಹಾಕ್ಲಾ?” ಎಂದೆ. ಮಾತು ತಿರುಗಿಸುವುದರಲ್ಲಿ ನಾನು ಗಟ್ಟಿಗಿತ್ತಿ. ಅವನಿಗೆ ಅಜೀರ್ಣವಾಗುವಷ್ಟು ವಡೆ ತಿನ್ನಿಸಿ ಕಳಿಸಿದೆ.

ಹೊಲಿಗೆ ಮಾಯ್ದು ಚೆನ್ನಾಜಮ್ಮ ಮತ್ತೆ ಕಟ್ಟೆಗೆ ಬಂದ ದಿನ ಊರೆಲ್ಲ ಸೊಸೈಟಿಯ ಅಂಗಳದಲ್ಲಿತ್ತು. ಅಷ್ಟು ದಿನ ನಿಂತಿದ್ದ ಸೀರೆಗಳೆಲ್ಲ ಸಾಲಾಗಿ ಬಂದಿದ್ದವು. ನಾನು ಕಾಫಿಯ ಕ್ಯಾನು ಹಿಡಿದು ಕಟ್ಟೆಯ ಕೆಳಗೇ ನಿಂತಿದ್ದೆ. ‘ಮಡಚು’, ‘ಮಡಚು’, ‘ಹಿಡ್ಕೋ’ ಅಂತ ಸಾಗುತ್ತಿದ್ದ ಹಾಗೆ ಗುರುಪಾದಪ್ಪನ ಸರದಿ ಬಂತು. ಅವನು ಸೀರೆ ಕೊಡಲಿಲ್ಲ. ಎದೆಗೆ ಅವಚಿಕೊಂಡು ಜನರ ಕಡೆ ತಿರುಗಿದ.

“ಕೊಡೋಕೆ ಮುಂಚೆ ಒಂದು ಮಾತು ಕೇಳಬೇಕು. ಐಸ್ತೇಸಿ ಕೂತೋಳು ಇಲ್ಲೇ ಅವ್ಳೆ. ವಿಶಾಲಕ್ಕ, ಈಯಮ್ಮನ ಬೆರಳಿಗೆ ತಿಳೀತದೋ ಇಲ್ವೋ? ಹೌದು ಅನ್ನು, ಇಲ್ಲ ಅನ್ನು, ಅಷ್ಟೇ.”

“ಕುರ್ಚಿ ಮಾತು ಕೇಳಬಾರದು ಕಣೋ,” ಎಂದರು ಹಿರಿಯರೊಬ್ಬರು. ಆದರೆ ಎಲ್ಲರ ಮುಖವೂ ನನ್ನ ಕಡೆಗೇ ತಿರುಗಿತ್ತು.

ಸುಳ್ಳು ಹೇಳಬಹುದಿತ್ತು. ಅವನ ಅಜ್ಜನ ಕಾಲದಿಂದ ಹಿಡಿದು ಬೈದು ಓಡಿಸಬಹುದಿತ್ತು, ಅದು ನನಗೆ ನೀರು ಕುಡಿದಷ್ಟು ಸಲೀಸು. ಆದರೆ ಕಟ್ಟು ನೆನಪಾಗಿ, ಆ ಮುದುಕಿಯ ಮುಖ ನೋಡಿ, ನಾನು ಬಾಯಿಗೆ ಬೀಗ ಹಾಕಿಕೊಂಡೆ. ಒಂದಕ್ಷರ ಆಡಲಿಲ್ಲ. ಎಂಥ ತಪ್ಪು ಮಾಡಿದೆ ಅಂತ ಗೊತ್ತಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ವಿಶಾಲಕ್ಕ ಸುಮ್ಮನಿರುವುದನ್ನು ಊರು ಹಿಂದೆಂದೂ ನೋಡಿರಲಿಲ್ಲ. ನನ್ನ ಮೌನ ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಯಾರೋ “ಹಂಗಾದ್ರೆ ನಿಜಾನೇ” ಅಂದರು.

“ಸಾಕು ಬಿಡ್ರೋ, ಪಾಪ, ಉಸಿರು ಕಟ್ಟಿ ಸತ್ತುಹೋಗ್ತಾಳೆ,” ಎಂದರು ಚೆನ್ನಾಜಮ್ಮ ಕಟ್ಟೆಯ ಮೇಲಿಂದ. “ನಾನೇ ಹೇಳ್ತೀನಿ. ಬೆರಳು ಸತ್ತು ಬಹಳ ದಿನ ಆಯ್ತು.”

ಗುರುಪಾದಪ್ಪನಿಗೂ ಇಷ್ಟು ಸುಲಭವಾಗಿ ಸಿಗುತ್ತದೆ ಅಂತ ಅನ್ನಿಸಿರಲಿಲ್ಲವೋ ಏನೋ, ಸ್ವಲ್ಪ ತಡವರಿಸಿದ. “ಮತ್ತೆ ಇಷ್ಟು ದಿನ ನನ್ನ ಸೀರೆಗಳಿಗೆ ಹಿಡ್ಕೋ ಅಂದಿದ್ದು ಯಾವುದು?”

“ತೋಳು. ತಾ ಇಲ್ಲಿ.”

ಅವರು ಎರಡೂ ಕೈಯನ್ನು ಮುಷ್ಟಿ ಕಟ್ಟಿ ಎಲ್ಲರಿಗೂ ತೋರಿಸಿದರು. ಆಮೇಲೆ ಬಲದೋಳನ್ನು ಒಳಮೈ ಮೇಲಾಗಿ ಮುಂದಕ್ಕೆ ಚಾಚಿ ಕಣ್ಣು ಮುಚ್ಚಿದರು. “ನೀನೇ ಎಳಿ. ನಿಧಾನಕ್ಕೆ.”

ಗುರುಪಾದಪ್ಪ ಸೀರೆ ಬಿಡಿಸಿ ಆ ತೋಳಿನ ಮೇಲೆ ಎಳೆಯತೊಡಗಿದ. ಜನ ಕಟ್ಟೆಗೆ ಒತ್ತಿಕೊಂಡು ಬಂದರು. ಅಂಚು ಹೋಯಿತು, ಒಡಲು ಹೋಯಿತು. ಬೆರಳಿನ ಆಟ ಇಲ್ಲದೆ ಆ ತೋಳು ಬರಿದೇ ಚಾಚಿಕೊಂಡಿತ್ತು, ಸುಕ್ಕು ಸುಕ್ಕಾಗಿ, ಸಣ್ಣಗೆ, ಭಿಕ್ಷೆಗೆ ಒಡ್ಡಿದ ಹಾಗೆ ಕಾಣುತ್ತಿತ್ತು. ನನ್ನ ತೋಳಿನ ಒಳಮೈ ತಾನಾಗಿಯೇ ಜುಮ್ಮೆಂದಿತು. ಸೆರಗಿನ ಹತ್ತಿರ ಬಂದಾಗ ಚೆನ್ನಾಜಮ್ಮನ ಹುಬ್ಬು ಮೇಲೆದ್ದಿತು. “ಇನ್ನೊಂದು ಸಲ ಎಳಿ,” ಎಂದರು. ಅವನು ಎಳೆದ. ಅವನ ಮುಖದಲ್ಲಿ ಗೆದ್ದ ಕಳೆ ಬಂದಿತ್ತು.

“ಮಡಚು,” ಎಂದರು ಚೆನ್ನಾಜಮ್ಮ.

“ಅಂದ್ರೆ ತೋಳಿಗೂ ಏನೂ ತಿಳಿಯಲ್ಲ ಅಂತಾಯ್ತು.”

“ಎಳೆ ಹಾರಿಲ್ಲ, ಗಂಟಿಲ್ಲ. ಈ ಊರಲ್ಲಿ ಇಂಥ ಸೀರೆ ಬಂದು ಬಹಳ ಕಾಲ ಆಗಿತ್ತು.” ಅವರು ಕಣ್ಣು ಬಿಟ್ಟರು. “ಆದ್ರೆ ಗುರುಪಾದ, ಇದು ನೀನು ನೇಯ್ದಿದ್ದಲ್ಲ.”

“ನನ್ನ ಮಗ್ಗದ್ದೇ ಇದು.”

“ಮಗ್ಗ ನಿಂದೇ. ನೀನು ಹೊಕ್ಕು ಬಡಿಯೋದು ಮುನಿಸ್ಕೊಂಡೋನು ಬಾಗಿಲು ಬಡಿದಂಗೆ. ನಿನ್ನ ಸೀರೆ ತೋಳಿಗೆ ಬಿದ್ರೆ ಬೈಗುಳ ಬಿದ್ದಂಗಿರ್ತದೆ. ಇದನ್ನ ನೇಯ್ದೋರು ಮಗು ಮಲಗಿರೋ ಮನೇಲಿ ಬಾಗಿಲು ಹಾಕಿದಂಗೆ ಬಡಿದವ್ರೆ.”

ಮೊದಲು ನಕ್ಕದ್ದು ನೇಕಾರರ ಹೆಂಗಸರು. ಆಮೇಲೆ ಗಂಡಸರು. ಗುರುಪಾದಪ್ಪ ಹೆಂಡತಿಯ ಕಡೆ ತಿರುಗಿದ. ಶಿವಲೀಲಾ ಈ ಸಲ ಗೋಡೆ ನೋಡುತ್ತಿರಲಿಲ್ಲ.

“ನಾನೇ ನೇಯ್ದಿದ್ದು ದೊಡ್ಡಮ್ಮ,” ಎಂದಳು. ಅಷ್ಟು ಜನರ ಮಧ್ಯೆ ಅವಳ ಧ್ವನಿ ನಾನು ಕೇಳಿದ್ದು ಅದೇ ಮೊದಲು. “ಅವರು ನೂಲು ತರೋಕೆ ಹೋದಾಗೆಲ್ಲ ನಾನು ಕೂರ್ತೀನಿ.”

“ಗೊತ್ತು ಕಣವ್ವ. ಆವಾಗಾವಾಗ ಒಂದೊಂದು ಬರ್ತಿತ್ತು. ಯಾರು ಅಂತ ಮಾತ್ರ ಗೊತ್ತಾಗಿರಲಿಲ್ಲ, ಗುರುಪಾದನ ಮನೇಲಿ ಇಬ್ಬರು ಅವ್ರೆ ಅಂತ ಗೊತ್ತಿತ್ತು.” ಚೆನ್ನಾಜಮ್ಮ ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು. “ಬಾ ಮೇಲಕ್ಕೆ. ನನ್ನ ಮಾತು ನಂಬಬ್ಯಾಡ. ಈ ಸೀರೆಗೆ ನಿನ್ನ ತೋಳೇ ಏನಂತದೋ ಕೇಳು.”

ಶಿವಲೀಲಾ ನೂಲಿನ ಗಂಟನ್ನು ಗಂಡನ ಕೈಗೆ ಕೊಟ್ಟಳು. ಕಟ್ಟೆ ಹತ್ತಿ ಕೂತು, ಗಾಜಿನ ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸಿ, ಕಣ್ಣು ಮುಚ್ಚಿ ತೋಳು ಚಾಚಿದಳು. ಅಂಗಳದಲ್ಲಿ ನಿಂತಿದ್ದ ಹೆಂಗಸರ ಕೈಗಳಲ್ಲೂ ಬಳೆಗಳು ಸಣ್ಣಗೆ ಸದ್ದು ಮಾಡುತ್ತಾ ಮೇಲಕ್ಕೆ ಸರಿಯತೊಡಗಿದವು.